ಹೆಸರು ಮತ್ತು ಸಂಖ್ಯೆ: ಮನೆಯ ರೂಟರಿನಲ್ಲಿ ಅಡಗಿರುವ ಇತಿಹಾಸ

ಧಾರವಾಡದ ಸಪ್ತಾಪುರವನ್ನು ಬಲ್ಲವರಿಗೆ ಅಲ್ಲಿನ ಮನೆಗಳ ರೀತಿ ಗೊತ್ತು. ಕೆಳಗೆ ಮಾಲೀಕರು, ಮೇಲಿನ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಅಂಥದೊಂದು ಮನೆಯಿಂದ ಒಂದು ರಾತ್ರಿ ಹತ್ತೂವರೆಗೆ ನನಗೆ ಕರೆ ಬಂತು. “ಮಾಸ್ತರ್ರ, ಸ್ವಲ್ಪ ಬಂದು ಹೋಗ್ರಿ. ವೈಫೈ ಫುಲ್ ತೋರಸ್ತೈತಿ, ಪೇಜ್ ಮಾತ್ರ ಓಪನ್ ಆಗವಲ್ದು. ಈ ಹುಡುಗಗ ಮುಂಜಾನೆ ಬೆಳಗಾವಿಯೊಳಗ ಪರೀಕ್ಷಾ ಐತಿ, ಹಾಲ್ ಟಿಕೆಟ್ ಪ್ರಿಂಟ್ ಆಗಬೇಕು.” ಬಸ್ಸು ಬೆಳಿಗ್ಗೆ ಐದಕ್ಕೆ. ಜೆರಾಕ್ಸ್ ಅಂಗಡಿ ತೆರೆಯುವುದು ಎಂಟರ ಮೇಲೆ.

ನಾನು ಹೋಗುವಷ್ಟರಲ್ಲಿ ರೂಟರನ್ನು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದ್ದರು. ಅದೇ ವಾರ ಮಾಲೀಕರು ಇಂಟರ್‌ನೆಟ್ ಕಂಪನಿ ಬದಲಿಸಿದ್ದರು, ಅವರ ಸೋದರಳಿಯ ಹೊಸ ರೂಟರನ್ನು ಜೋಡಿಸಿಕೊಟ್ಟಿದ್ದ. ಎರಡು ವಿಚಿತ್ರಗಳು ಕಂಡವು. ಒಂದು, ಮನೆಯಲ್ಲಿದ್ದ ಫೋನುಗಳಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ. ಆದರೆ ಪರೀಕ್ಷೆಗೆ ಹೋಗಬೇಕಾದ ಹುಡುಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ವೈಫೈ ಮೇಲೆ ಎಲ್ಲವೂ ತೆರೆಯುತ್ತಿತ್ತು. ಹಾಲ್ ಟಿಕೆಟ್ ಅವನ ಬಳಿ ಆಗಲೇ ಇಳಿದಿತ್ತು. ಎರಡು, ಕೆಳಗಿನ ವೈಫೈ ಪ್ರಿಂಟರು ತನ್ನ ಪುಟ್ಟ ಪರದೆಯ ಮೇಲೆ ‘ಸಂಪರ್ಕದಲ್ಲಿದೆ’ ಎಂದು ಹೇಳುತ್ತಿತ್ತು. ಲ್ಯಾಪ್‌ಟಾಪಿಗೆ ಮಾತ್ರ ಅದು ಕಾಣುತ್ತಲೇ ಇರಲಿಲ್ಲ.

ಮಾಲೀಕರ ಕಂಪ್ಯೂಟರಿನಲ್ಲಿ ಆದೇಶ ಕೊಡುವ ಕಪ್ಪು ಕಿಟಕಿಯನ್ನು ತೆರೆದು ‘ಪಿಂಗ್ 8.8.8.8’ ಎಂದು ಕೊಟ್ಟೆ. 8.8.8.8 ಎಂಬುದು ಗೂಗಲ್ 2009ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ಒಂದು ಸೇವೆಯ ವಿಳಾಸ. ನೆನಪಿಡಲು ಸುಲಭವಾದ್ದರಿಂದ ಪರೀಕ್ಷೆಗೆ ಅನುಕೂಲ. ಥಟ್ಟನೆ ಉತ್ತರ ಬಂತು. ಅನಂತರ ಒಂದು ಜಾಲತಾಣದ ಹೆಸರನ್ನು ಕೊಟ್ಟೆ. ಅಂಥ ಹೆಸರಿನವರು ಸಿಗಲಿಲ್ಲವೆಂಬ ಉತ್ತರ! ಅಂದರೆ ಹೊರಗೆ ಹೋಗುವ ದಾರಿ ಸರಿಯಾಗಿದೆ, ಹೆಸರು ಮಾತ್ರ ಯಾರಿಗೂ ತಿಳಿಯುತ್ತಿಲ್ಲ.

ನೀವು ಕೇಳಬಹುದು: ಒಂದೇ ಯಂತ್ರಕ್ಕೆ ಹೆಸರೂ ಬೇಕು, ಸಂಖ್ಯೆಯೂ ಬೇಕು ಎಂಬ ಈ ಎರಡು ಬಗೆಯ ವ್ಯವಸ್ಥೆ ಏಕೆ? ಹೆಸರನ್ನು ಸಂಖ್ಯೆಗೆ ಬದಲಿಸುವ ಕೆಲಸ ಮನೆಯ ಮೂಲೆಯಲ್ಲಿ ಕುಳಿತ ಪುಟ್ಟ ಡಬ್ಬಿಯ ಕೊರಳಿಗೆ ಹೇಗೆ ಬಿತ್ತು? ಆ ಮನೆಯ ಎರಡೂ ದೋಷಗಳಿಗೆ ಉತ್ತರ ಇರುವುದು ಇತಿಹಾಸದಲ್ಲಿ. ಆದ್ದರಿಂದ ಆ ಹುಡುಗನನ್ನು ಸ್ವಲ್ಪ ಹೊತ್ತು ಅಲ್ಲೇ ಕೂರಿಸಿ ಹಿಂದಕ್ಕೆ ಹೋಗಿಬರೋಣ.

ಹುಬ್ಬಳ್ಳಿ ನಿಲ್ದಾಣದ ಮೂರಕ್ಷರ

ಹುಬ್ಬಳ್ಳಿಗೆ ರೈಲು ಟಿಕೆಟ್ ಕಾಯ್ದಿರಿಸಿದವರು ‘ಯುಬಿಎಲ್’ ಎಂಬ ಸಂಕೇತವನ್ನು ಗಮನಿಸಿರಬಹುದು. ಧಾರವಾಡಕ್ಕೆ ‘ಡಿಡಬ್ಲ್ಯುಆರ್’. ಇಂಗ್ಲಿಷಿನಲ್ಲಿ ‘ಹುಬ್ಳಿ’ ಎಂದು ಬರೆಯುತ್ತಿದ್ದ ಊರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಹುಬ್ಬಳ್ಳಿ’ ಆಯಿತು. ಮುಂದೆ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಫಲಕಗಳು ಬದಲಾದವು, ಸಂಕೇತ ಬದಲಾಗಲಿಲ್ಲ. ರೈಲ್ವೆಯ ಕಂಪ್ಯೂಟರಿಗೆ ಅದು ಇಂದಿಗೂ ಯುಬಿಎಲ್. ಹೆಸರು ಮನುಷ್ಯರಿಗೆ, ಸಂಕೇತ ಯಂತ್ರಕ್ಕೆ. ಇವೆರಡನ್ನೂ ಕೂಡಿಸುವ ಒಂದು ಪಟ್ಟಿ ಎಲ್ಲೋ ಇರುತ್ತದೆ.

ಅಂತರಜಾಲದಲ್ಲೂ ಹೀಗೆಯೇ. ಒಂದು ವ್ಯತ್ಯಾಸವೆಂದರೆ ಅಲ್ಲಿ ಹೆಚ್ಚಾಗಿ ಬದಲಾಗುವುದು ಸಂಖ್ಯೆ. ಕಾಲೇಜೊಂದು ತನ್ನ ಜಾಲತಾಣವನ್ನು ಬೇರೊಂದು ಕಂಪ್ಯೂಟರಿಗೆ ಸಾಗಿಸಿದರೆ ಸಂಖ್ಯೆ ಬೇರೆಯಾಗುತ್ತದೆ, ಹೆಸರು ಅದೇ ಇರುತ್ತದೆ. ಕೆಲವೊಮ್ಮೆ ಹೆಸರೂ ಬದಲಾಗುವುದುಂಟು. ಅದಕ್ಕೆ ಹುಬ್ಬಳ್ಳಿಯಲ್ಲೇ ಒಂದು ಉದಾಹರಣೆ ಇದೆ, ಮುಂದೆ ಹೇಳುತ್ತೇನೆ.

ಒಂದೇ ಒಂದು ಪಟ್ಟಿ

ಅಂತರಜಾಲದ ಪೂರ್ವಜವಾದ ಅರ್ಪಾನೆಟ್ ಅಮೆರಿಕದಲ್ಲಿ 1969ರಲ್ಲಿ ಆರಂಭವಾಯಿತು. ಆಗ ಇದ್ದ ಕಂಪ್ಯೂಟರುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಸಂಖ್ಯೆಯೇ ಸಾಕಾಗಿತ್ತು. ಆದರೆ ಮನುಷ್ಯ ಸ್ವಭಾವ ನೋಡಿ! ಪ್ರತಿಯೊಂದು ಕೇಂದ್ರದವರೂ ತಮಗೆ ತೋಚಿದ ಅಡ್ಡಹೆಸರುಗಳನ್ನು ಇಟ್ಟುಕೊಂಡು ತಮ್ಮದೇ ಪಟ್ಟಿ ಬರೆದುಕೊಂಡರು. ಒಂದೇ ಕಂಪ್ಯೂಟರಿಗೆ ಇಲ್ಲಿ ಒಂದು ಹೆಸರು, ಅಲ್ಲಿ ಇನ್ನೊಂದು. ಈ ಗೊಂದಲವನ್ನು ನಿವಾರಿಸಲು 1971ರ ಸೆಪ್ಟೆಂಬರಿನಲ್ಲಿ ಮೈಟರ್ ಸಂಸ್ಥೆಯ ಪೆಗ್ಗಿ ಕಾರ್ಪ್ ಎಂಬ ಮಹಿಳೆ ಒಂದು ಚಿಕ್ಕ ಟಿಪ್ಪಣಿ ಬರೆದರು. ಜಾಲದ ತಂತ್ರಜ್ಞರು ಇಂಥ ಟಿಪ್ಪಣಿಗಳಿಗೆ ಕ್ರಮಸಂಖ್ಯೆ ಕೊಟ್ಟು ‘ಆರ್‌ಎಫ್‌ಸಿ’ ಎಂದು ಕರೆಯುತ್ತಾರೆ. ಇದು 226ನೆಯದು. ಎಲ್ಲರೂ ಒಂದೇ ಹೆಸರುಗಳನ್ನು ಬಳಸೋಣ ಎಂಬುದಷ್ಟೇ ಅದರ ಸಾರ.

ಕೆಲವು ವರ್ಷಗಳಲ್ಲಿ ಆ ಪಟ್ಟಿಯನ್ನು ಕಾಯುವ ಹೊಣೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾಹಿತಿ ಕೇಂದ್ರಕ್ಕೆ ಬಂತು. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಜಾಲಕ್ಕೆ ಹೊಸ ಕಂಪ್ಯೂಟರ್ ಸೇರಿಸುವವರು ಈ ಕೇಂದ್ರಕ್ಕೆ ತಿಳಿಸಬೇಕು. ಅವರು ‘ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಕಡತದಲ್ಲಿ ಒಂದು ಸಾಲು ಸೇರಿಸುತ್ತಾರೆ. ಉಳಿದವರೆಲ್ಲ ಆಗಾಗ ಆ ಕಡತವನ್ನು ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುತ್ತಾರೆ. ಶಾಲೆಯ ಹಾಜರಿ ಪುಸ್ತಕವಿದ್ದಂತೆ. ವ್ಯತ್ಯಾಸವೆಂದರೆ ಊರಿಗೆಲ್ಲ ಒಂದೇ ಪುಸ್ತಕ, ಅದನ್ನು ಬರೆಯುವವರೂ ಒಬ್ಬರೇ.

ಈ ಕಡತ ಸತ್ತುಹೋಗಿದೆ ಎಂದುಕೊಂಡಿರಾ? ನಿಮ್ಮ ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ‘ಸಿಸ್ಟಂ32’ ಎಂಬ ಕಡತಕೋಶದೊಳಗೆ ‘ಡ್ರೈವರ್ಸ್’, ಅದರೊಳಗೆ ‘ಇಟಿಸಿ’ ಎಂಬುದನ್ನು ತೆರೆದು ನೋಡಿ. ‘ಹೋಸ್ಟ್ಸ್’ ಎಂಬ ಪುಟ್ಟ ಕಡತ ಸಿಗುತ್ತದೆ. ಲಿನಕ್ಸ್‌ನಲ್ಲೂ ಇದೆ. ಜೀವಶಾಸ್ತ್ರದ ಶಿಕ್ಷಕರು ಇದನ್ನು ಅವಶೇಷಾಂಗ ಎನ್ನಬಹುದು. ಆದರೆ ನಮ್ಮ ಅಪೆಂಡಿಕ್ಸ್‌ಗಿಂತ ಇದಕ್ಕೆ ಅಧಿಕಾರ ಹೆಚ್ಚು. ಇದರಲ್ಲಿ ಬರೆದ ಸಾಲನ್ನು ಕಂಪ್ಯೂಟರು ಸಾಮಾನ್ಯವಾಗಿ ಹೊರಗೆ ಯಾರನ್ನೂ ಕೇಳದೆ ನಂಬುತ್ತದೆ. ಎಷ್ಟೋ ವರ್ಷಗಳ ಹಿಂದೆ ಯಾರೋ ಬರೆದು ಮರೆತ ಒಂದು ಸಾಲಿನಿಂದ ಒಂದೇ ಒಂದು ಕಂಪ್ಯೂಟರಿನಲ್ಲಿ ಒಂದೇ ಒಂದು ತಾಣ ತೆರೆಯದಿರುವುದನ್ನು ನಾನು ನೋಡಿದ್ದೇನೆ.

1983ರ ಜನವರಿ 1ರಂದು ಅರ್ಪಾನೆಟ್ ಇಂದಿನ ‘ಟಿಸಿಪಿ/ಐಪಿ’ ನಿಯಮಗಳಿಗೆ ಬದಲಾಯಿತು. ಜಾಲ ಬೆಳೆದಂತೆ ಒಂದೇ ಪಟ್ಟಿಯ ಪದ್ಧತಿ ಕುಸಿಯತೊಡಗಿತು. ಕಡತ ದೊಡ್ಡದಾಗುತ್ತಿತ್ತು, ಅದನ್ನು ಇಳಿಸಿಕೊಳ್ಳುವವರೂ ಹೆಚ್ಚುತ್ತಿದ್ದರು. ಒಬ್ಬರು ಇಟ್ಟ ಹೆಸರನ್ನು ಮತ್ತೊಬ್ಬರು ಇಡುವಂತಿರಲಿಲ್ಲ. ನಿಮ್ಮ ಕೈಯಲ್ಲಿದ್ದ ಪ್ರತಿ ಯಾವಾಗಲೂ ಒಂದಿಷ್ಟು ಹಳೆಯದೇ.

ಹಂಚಿಕೊಂಡ ಹೊಣೆ

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಜಾನ್ ಪೋಸ್ಟೆಲ್ ಅವರು ತಮ್ಮ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್‌ಗೆ ಒಂದು ಕೆಲಸ ಒಪ್ಪಿಸಿದರು. ಪರಿಹಾರಕ್ಕಾಗಿ ಬಂದಿದ್ದ ಹಲವು ಸಲಹೆಗಳ ನಡುವೆ ಒಂದು ರಾಜಿಸೂತ್ರ ಹುಡುಕಬೇಕಿತ್ತು. ಮೊಕಾಪೆಟ್ರಿಸ್ ರಾಜಿ ಮಾಡಿಸುವ ಬದಲು ತಮ್ಮದೇ ಹೊಸ ವ್ಯವಸ್ಥೆಯನ್ನು ರೂಪಿಸಿದರು. 1983ರ ನವೆಂಬರಿನಲ್ಲಿ ಆರ್‌ಎಫ್‌ಸಿ 882 ಮತ್ತು 883 ಆಗಿ ಅದು ಪ್ರಕಟವಾಯಿತು. 1987ರಲ್ಲಿ ಪರಿಷ್ಕೃತವಾದ ರೂಪವೇ ಇಂದಿಗೂ ಆಧಾರ. ಇದೇ ‘ಡಿಎನ್‌ಎಸ್’. ಕನ್ನಡದಲ್ಲಿ ಕ್ಷೇತ್ರನಾಮ ವ್ಯವಸ್ಥೆ ಎನ್ನಬಹುದು.

ಅದರ ಮೂಲ ವಿಚಾರ ಸರಳ. ಎಲ್ಲರ ಹೆಸರನ್ನೂ ಯಾರೊಬ್ಬರೂ ತಿಳಿದಿರಬೇಕಾಗಿಲ್ಲ. ಮುಂದೆ ಯಾರನ್ನು ಕೇಳಬೇಕೆಂಬುದು ತಿಳಿದಿದ್ದರೆ ಸಾಕು. ಧಾರವಾಡ ಐಐಟಿಯ ತಾಣವನ್ನೇ ತೆಗೆದುಕೊಳ್ಳಿ: ‘ಐಐಟಿಡಿಎಚ್ ಡಾಟ್ ಎಸಿ ಡಾಟ್ ಇನ್’. ಕಂಪ್ಯೂಟರು ಇದನ್ನು ಬಲದಿಂದ ಎಡಕ್ಕೆ ಓದುತ್ತದೆ. ಮೊದಲು ‘ಮೂಲ’ ಸರ್ವರುಗಳಲ್ಲಿ ಒಂದನ್ನು ಕೇಳಬೇಕು. ಅದು ‘ಐಐಟಿ ನನಗೆ ಗೊತ್ತಿಲ್ಲ, ಇನ್ ಎಂಬುದನ್ನು ನೋಡಿಕೊಳ್ಳುವವರು ಇವರು’ ಎಂದು ಒಂದು ವಿಳಾಸ ಕೊಡುತ್ತದೆ. ಆ ವಿಳಾಸದವರು ಮುಂದಿನವರತ್ತ ಕೈತೋರಿಸುತ್ತಾರೆ. ಕೊನೆಗೆ ಆ ಸಂಸ್ಥೆಯ ಹೆಸರುಗಳ ಹೊಣೆ ಹೊತ್ತ ಸರ್ವರು ಸಂಖ್ಯೆಯನ್ನು ಹೇಳುತ್ತದೆ. ಹುಬ್ಬಳ್ಳಿಗೆ ಹೊಸದಾಗಿ ಬಂದವರು ದುರ್ಗದಬೈಲಿನಲ್ಲಿ ಮನೆ ಹುಡುಕುವಾಗ ಆಟೊದವರನ್ನು, ಓಣಿಯ ಮೂಲೆಯ ಅಂಗಡಿಯವರನ್ನು, ಆಮೇಲೆ ಪಕ್ಕದ ಮನೆಯವರನ್ನು ಕೇಳುವುದಿಲ್ಲವೇ? ಹಾಗೆಯೇ.

ಇಷ್ಟೆಲ್ಲ ಪ್ರಶ್ನೆಗಳನ್ನು ಪ್ರತಿಸಲ ಕೇಳುತ್ತ ಕೂತರೆ ಜಾಲ ತೆವಳುತ್ತದೆ. ಆದ್ದರಿಂದ ಉತ್ತರದ ಜೊತೆಗೆ ಅದರ ಆಯುಸ್ಸನ್ನೂ ಸೆಕೆಂಡುಗಳಲ್ಲಿ ಹೇಳಿ ಕಳಿಸುವ ಏರ್ಪಾಡಿದೆ. ಆಯುಸ್ಸು 3600 ಎಂದಿದ್ದರೆ ಒಂದು ಗಂಟೆಯವರೆಗೆ ಅದೇ ಉತ್ತರವನ್ನು ನೆನಪಿನಿಂದ ಹೇಳಬಹುದು. ಅನಂತರ ಮತ್ತೆ ಕೇಳಬೇಕು. ಮೊಕಾಪೆಟ್ರಿಸ್ ಅವರ ವಿನ್ಯಾಸದಲ್ಲಿ ನನಗೆ ಬಹಳ ಜಾಣತನದ್ದೆನಿಸುವುದು ಇದೇ. ಮರೆಯುವುದಕ್ಕೂ ಒಂದು ಕಾಲಮಿತಿ! ಜಾಲತಾಣವೊಂದು ಸ್ಥಳಾಂತರವಾದಾಗ ನಿಮ್ಮ ಮನೆಯಲ್ಲಿ ಹಳೆಯದೂ ಗೆಳೆಯನ ಮನೆಯಲ್ಲಿ ಹೊಸದೂ ಕಾಣುವುದು ಇದರಿಂದಲೇ.

ಬರ್ಕ್ಲಿಯಲ್ಲಿ ನಾಲ್ವರು ವಿದ್ಯಾರ್ಥಿಗಳು 1984ರಲ್ಲಿ ಇದಕ್ಕೆ ‘ಬೈಂಡ್’ ಎಂಬ ತಂತ್ರಾಂಶ ಬರೆದರು. ಭಾರತಕ್ಕೆ ‘ಇನ್’ ಎಂಬ ಕೊನೆಯಕ್ಷರಗಳು ದೊರೆತದ್ದು 1989ರ ಮೇ ತಿಂಗಳಿನಲ್ಲಿ. ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ವಿದ್ಯಾಸಂಸ್ಥೆಗಳಿಗೆ ‘ಅರ್ನೆಟ್’ ಎಂಬ ಜಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಇ-ಮೇಲ್ ವಿಳಾಸಗಳಲ್ಲಿ ‘ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್’ ಎಂದು ಬಹಳ ವರ್ಷ ಇದ್ದುದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಜನಸಾಮಾನ್ಯರಿಗೆ ಅಂತರಜಾಲ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಈಗ ಹುಬ್ಬಳ್ಳಿಯ ಉದಾಹರಣೆ. 1947ರಲ್ಲಿ ಸ್ಥಾಪಿತವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಅಂತರಜಾಲದ ಹೆಸರು ‘ಬಿವಿಬಿ ಡಾಟ್ ಇಡಿಯು’ ಎಂದಿತ್ತು. ‘ಇಡಿಯು’ ಎಂಬುದನ್ನು 2001ರ ಅಕ್ಟೋಬರ್ ನಂತರ ಅಮೆರಿಕದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗಷ್ಟೇ ಕೊಡುತ್ತಾರೆ. ಮೊದಲೇ ಪಡೆದವರು ಉಳಿಸಿಕೊಳ್ಳಬಹುದು ಎಂಬ ವಿನಾಯಿತಿ ಇತ್ತು. ಮುಂದೆ 2015ರಲ್ಲಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಹೆಸರು ‘ಕೆಎಲ್‌ಇಟೆಕ್ ಡಾಟ್ ಎಸಿ ಡಾಟ್ ಇನ್’ ಆಯಿತು. ಅಲ್ಲಿನ ಅಧ್ಯಾಪಕರ ಹಳೆಯ ಸಂಶೋಧನ ಲೇಖನಗಳನ್ನು ತೆಗೆದರೆ ಹಳೆಯ ಹೆಸರಿನ ಇ-ಮೇಲ್‌ಗಳೇ ಕಾಣುತ್ತವೆ. ಅಚ್ಚಾದದ್ದಕ್ಕೆ ಆಯುಸ್ಸಿನ ಸೆಕೆಂಡುಗಳಿಲ್ಲವಲ್ಲ!

ಕೋಣೆಯೊಳಗೆ ಕೂಗಿ ಕರೆಯುವ ಪದ್ಧತಿ

ಇದುವರೆಗೆ ಹೇಳಿದ್ದು ಊರಾಚೆಯ ಹೆಸರುಗಳ ಕಥೆ. ಒಂದೇ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್ ಇದ್ದರೆ ಅಷ್ಟಕ್ಕಾಗಿ ಸರ್ವರ್ ಇಡುವವರು ಯಾರು? ಇಲ್ಲಿ ಬೇರೆಯದೇ ಪರಂಪರೆ ಬೆಳೆಯಿತು. 1983ರಲ್ಲಿ ಸೈಟೆಕ್ ಎಂಬ ಕಂಪನಿ ಐಬಿಎಂಗಾಗಿ ‘ನೆಟ್‌ಬಯೋಸ್’ ಎಂಬುದನ್ನು ರೂಪಿಸಿತು. ಇದರಲ್ಲಿ ಪಟ್ಟಿ ಇಲ್ಲದೆಯೂ ಕೆಲಸ ನಡೆಯುತ್ತದೆ. ‘ಇಲ್ಲಿ ಲ್ಯಾಬ್5 ಯಾರಪ್ಪಾ?’ ಎಂದು ಒಂದು ಕಂಪ್ಯೂಟರ್ ಕೂಗುತ್ತದೆ, ಆ ಹೆಸರಿನದು ‘ನಾನು’ ಎನ್ನುತ್ತದೆ. ಹೆಸರಿಗೆ ಹದಿನೈದೇ ಅಕ್ಷರಗಳ ಮಿತಿ. ವಿಂಡೋಸ್‌ನ ಜಾಲ ಬಹಳ ವರ್ಷ ಇದರ ಮೇಲೆಯೇ ನಿಂತಿತ್ತು.

2000ದ ದಶಕದಲ್ಲಿ ಶಾಲೆಗಳಲ್ಲಿ ಗಣಕ ಪ್ರಯೋಗಾಲಯ ನೋಡಿಕೊಂಡ ಶಿಕ್ಷಕರಿಗೆ ಈ ಕೂಗಾಟದ ತೊಂದರೆಗಳು ಗೊತ್ತು. ನನಗೆ ಪರಿಚಯದ ಒಂದು ಪ್ರೌಢಶಾಲೆಯಲ್ಲಿ ಒಂದು ಕಂಪ್ಯೂಟರಿನ ಡಿಸ್ಕನ್ನು ಹತ್ತು ಕಂಪ್ಯೂಟರಿಗೆ ಹಾಗೆಯೇ ನಕಲು ಮಾಡಿ ಕೊಟ್ಟು ಹೋಗಿದ್ದರು. ಎಲ್ಲವಕ್ಕೂ ಒಂದೇ ಹೆಸರು! ತರಗತಿಯಲ್ಲಿ ‘ಮಂಜುನಾಥ’ ಎಂದು ಕರೆದರೆ ಹತ್ತು ಮಂದಿ ಎದ್ದು ನಿಂತಂತೆ. ಜಾಲದಲ್ಲಿ ಅದೇ ಹೆಸರಿನ ಮತ್ತೊಂದು ಕಂಪ್ಯೂಟರ್ ಇದೆ ಎಂಬ ಎಚ್ಚರಿಕೆ ಪ್ರತಿ ಬೆಳಿಗ್ಗೆ ಎಲ್ಲ ಪರದೆಗಳ ಮೇಲೂ ಬರುತ್ತಿತ್ತು. ಇನ್ನೊಂದು ಗೊಂದಲವೂ ಇತ್ತು. ವಿಂಡೋಸ್ ಎಕ್ಸ್‌ಪಿಯ ಮನೆ ಆವೃತ್ತಿ ತನ್ನ ಗುಂಪಿಗೆ ತಾನಾಗಿ ‘ಎಂಎಸ್‌ಹೋಮ್’ ಎಂದು ಹೆಸರಿಟ್ಟುಕೊಂಡರೆ ವೃತ್ತಿಪರ ಆವೃತ್ತಿ ‘ವರ್ಕ್‌ಗ್ರೂಪ್’ ಎಂದು ಇಟ್ಟುಕೊಳ್ಳುತ್ತಿತ್ತು. ಒಂದೇ ತಂತಿಯ ಮೇಲಿದ್ದರೂ ಇವೆರಡು ಪಂಗಡಗಳು ಒಂದರ ಪಟ್ಟಿಯಲ್ಲಿ ಮತ್ತೊಂದು ಕಾಣುತ್ತಿರಲಿಲ್ಲ.

ರೂಟರ್ ಮನೆಗೆ ಬಂತು

ಐಪಿ ವಿಳಾಸದ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳಿವೆ. ಇವು ಸಾಲವು ಎಂಬುದು 1990ರ ದಶಕದ ಆರಂಭದಲ್ಲೇ ಕಂಡುಬಂತು. 1994ರಲ್ಲಿ ವಿಳಾಸ ಪರಿವರ್ತನೆಯ ಉಪಾಯ, ಅಂದರೆ ‘ನ್ಯಾಟ್’ ಬಂತು. ಹೊರಗೆ ಮನೆಗೊಂದೇ ಸಂಖ್ಯೆ, ಒಳಗೆ ಎಷ್ಟು ಬೇಕಾದರೂ ಖಾಸಗಿ ಸಂಖ್ಯೆಗಳು. 1996ರಲ್ಲಿ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆಂದೇ ಕೆಲವು ಸಾಲುಗಳನ್ನು ಮೀಸಲಿಟ್ಟಿತು. ನೀವು ಎಲ್ಲ ಮನೆಗಳಲ್ಲೂ ನೋಡುವ 192.168 ಎಂಬ ಆರಂಭ ಅಲ್ಲಿಂದ ಬಂದದ್ದು. ಹುಬ್ಬಳ್ಳಿಯ ಮನೆಯಲ್ಲೂ ಹಾವೇರಿಯ ಮನೆಯಲ್ಲೂ 192.168.1.1 ಇರಬಹುದು. ಇಬ್ಬರೂ ತಮ್ಮ ಅಡುಗೆಮನೆಯನ್ನು ‘ಅಡುಗೆಮನೆ’ ಎಂದೇ ಕರೆಯುವಂತೆ, ಅದರಿಂದ ತೊಂದರೆಯೇನೂ ಇಲ್ಲ.

ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಮನೆಮಾತಾದದ್ದು 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಸೇವೆ ಆರಂಭಿಸಿದ ಮೇಲೆ. ಆಗ 256 ಕಿಲೋಬಿಟ್ ವೇಗವೇ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಮೋಡೆಮ್ ಮತ್ತು ರೂಟರ್ ಒಂದೇ ಡಬ್ಬಿಯಲ್ಲಿ ಬಂದವು. (ರೂಟರುಗಳ ಮಾತು ಬಂದಾಗ ಹುಬ್ಬಳ್ಳಿಯವರು ನೆನೆಯಬಹುದಾದ ಒಂದು ಹೆಸರಿದೆ. ಇಲ್ಲಿ ಸಮಾಜಸೇವೆಯ ಪ್ರತಿಷ್ಠಾನ ನಡೆಸುವ ಗುರುರಾಜ ದೇಶಪಾಂಡೆಯವರು ಅಮೆರಿಕದಲ್ಲಿ ಕೋರಲ್ ನೆಟ್‌ವರ್ಕ್ಸ್ ಎಂಬ ರೂಟರ್ ಕಂಪನಿಯನ್ನೂ 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಅನ್ನೂ ಸ್ಥಾಪಿಸಿದವರಲ್ಲಿ ಒಬ್ಬರು. ಅವು ದೊಡ್ಡ ಜಾಲಗಳ ಯಂತ್ರಗಳು, ನಮ್ಮ ಮೂಲೆಯ ಡಬ್ಬಿಯಲ್ಲ.)

ಮನೆಯ ರೂಟರು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಒಳಗಿನ ಸಂಖ್ಯೆಯನ್ನು ಹೊರಗಿನ ಸಂಖ್ಯೆಗೆ ಪರಿವರ್ತಿಸುತ್ತದೆ. ಮನೆಗೆ ಬಂದ ಪ್ರತಿ ಫೋನಿಗೂ ಒಂದು ಖಾಸಗಿ ಸಂಖ್ಯೆಯನ್ನು ಕೆಲವು ಗಂಟೆಗಳ ಬಾಡಿಗೆಗೆ ಕೊಡುತ್ತದೆ. ಇದಕ್ಕೆ ‘ಡಿಎಚ್‌ಸಿಪಿ’ ಎಂದು ಹೆಸರು. ಹಾಗೆ ಕೊಡುವಾಗ ‘ಹೆಸರು ಕೇಳುವುದಿದ್ದರೆ ನನ್ನನ್ನೇ ಕೇಳಿ’ ಎಂದೂ ಹೇಳಿಬಿಡುತ್ತದೆ. ಆದರೆ ಅದಕ್ಕೆ ಹೆಸರುಗಳು ಗೊತ್ತೇ? ಹೆಚ್ಚಿನವು ಇಲ್ಲ. ಅದು ಪ್ರಶ್ನೆಯನ್ನು ಇಂಟರ್‌ನೆಟ್ ಕಂಪನಿಯ ಸರ್ವರಿಗೆ ದಾಟಿಸಿ, ಬಂದ ಉತ್ತರವನ್ನು ನಿಮಗೆ ತಲುಪಿಸುವ ಓಲೆಕಾರ ಮಾತ್ರ. ಯಾವ ಸರ್ವರನ್ನು ಕೇಳಬೇಕೆಂಬುದು ಅದರ ಪುಟದಲ್ಲಿ ಒಂದೆರಡು ಸಂಖ್ಯೆಗಳಾಗಿ ಬರೆದಿರುತ್ತದೆ.

ಸಪ್ತಾಪುರದ ಮೊದಲ ದೋಷ ಅಲ್ಲಿತ್ತು. ಸೋದರಳಿಯ ಬಹಳ ಶ್ರದ್ಧೆಯಿಂದ ಹಳೆಯ ರೂಟರಿನ ಪುಟವನ್ನು ನೋಡಿ ವೈಫೈ ಹೆಸರು, ಗುಪ್ತಪದಗಳ ಜೊತೆಗೆ ಈ ಸಂಖ್ಯೆಗಳನ್ನೂ ಹೊಸದರಲ್ಲಿ ಬರೆದಿದ್ದ. ಅವು ಬಿಟ್ಟುಬಂದ ಕಂಪನಿಯ ಸರ್ವರುಗಳು. ಕಂಪನಿಗಳು ತಮ್ಮ ಹೆಸರು ಸರ್ವರುಗಳನ್ನು ಸಾಮಾನ್ಯವಾಗಿ ತಮ್ಮ ಗ್ರಾಹಕರಿಗಷ್ಟೇ ತೆರೆದಿಡುತ್ತವೆ. ಎಲ್ಲರಿಗೂ ಉತ್ತರಿಸಿದರೆ, ಸುಳ್ಳು ವಿಳಾಸದಿಂದ ಪ್ರಶ್ನೆ ಕೇಳಿ ಉತ್ತರಗಳ ಪ್ರವಾಹವನ್ನು ಮತ್ತೊಬ್ಬರ ಮೇಲೆ ಹರಿಸುವ ದುಷ್ಟರಿಗೆ ಅನುಕೂಲವಾಗುತ್ತದೆ. ರೂಟರು ಪ್ರತಿ ಪ್ರಶ್ನೆಯನ್ನೂ ಹಳೆಯ ಕಂಪನಿಗೆ ಕಳಿಸುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಎಷ್ಟು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಬರೆದ ಸಂಖ್ಯೆ ಅಳಿಸಿಹೋಗುವುದಿಲ್ಲ.

ಹಾಗಾದರೆ ಆ ಹಳೆಯ ಲ್ಯಾಪ್‌ಟಾಪು? ಹುಡುಗ ಕಾಲೇಜಿನಲ್ಲಿದ್ದಾಗ ಗೆಳೆಯರು ಅದರಲ್ಲಿ ಹೆಸರು ಕೇಳುವ ವಿಳಾಸವನ್ನು 8.8.8.8 ಎಂದು ಕೈಯಾರೆ ಬರೆದಿದ್ದರು. ಅದು ರೂಟರನ್ನು ದಾರಿಗಾಗಿ ಬಳಸುತ್ತಿತ್ತು, ಹೆಸರಿಗಾಗಿ ಕೇಳುತ್ತಲೇ ಇರಲಿಲ್ಲ. ಒಂದೇ ಮನೆಯಲ್ಲಿ ಒಂದು ಯಂತ್ರ ನಡೆದು ಇನ್ನೊಂದು ನಡೆಯದಿದ್ದರೆ ಕೆಟ್ಟದ್ದನ್ನು ಮಾತ್ರ ನೋಡಬೇಡಿ. ನಡೆಯುವುದನ್ನು ತೆರೆದು ಎರಡನ್ನೂ ಹೋಲಿಸಿ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’ ಆದೇಶದ ವಿಸ್ತೃತ ರೂಪ ಇದನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುತ್ತದೆ. ‘ಎನ್‌ಎಸ್‌ಲುಕಪ್’ ಎಂಬುದು ಯಾರನ್ನು ಕೇಳಿದೆ, ಯಾರು ಏನು ಹೇಳಿದರು ಎಂಬುದನ್ನು ತಿಳಿಸುತ್ತದೆ.

ರೂಟರಿನ ಆ ಪುಟದಲ್ಲಿ ‘ಕಂಪನಿ ಕೊಟ್ಟದ್ದನ್ನು ತಾನಾಗಿ ಪಡೆ’ ಎಂದು ಗುರುತು ಹಾಕಿದೆ. ಒಂದು ನಿಮಿಷದಲ್ಲಿ ಮನೆಯ ಫೋನುಗಳೆಲ್ಲ ಟಿಣ್ ಟಿಣ್ ಎನ್ನತೊಡಗಿದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಎರಡು ಸಂಖ್ಯೆಗಳನ್ನು ತಪ್ಪಾಗಿ ಬರೆದರೆ ಪುಟ ತೆರೆಯುವುದಿಲ್ಲ, ಅಷ್ಟೇ. ಬೇಕೆಂದೇ ಕೆಟ್ಟದಾಗಿ ಬರೆದರೆ? ‘ಬ್ಯಾಂಕಿನ ಸಂಖ್ಯೆ ಏನು’ ಎಂದು ನೀವು ಕೇಳಿದಾಗ ಕಳ್ಳನ ಸಂಖ್ಯೆ ಹೇಳುವ ಸರ್ವರೂ ಇರಬಹುದಲ್ಲ! ಇದು ಬರಿಯ ಕಲ್ಪನೆಯಲ್ಲ. ‘ಡಿಎನ್‌ಎಸ್ ಚೇಂಜರ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಈ ಸಂಖ್ಯೆಗಳನ್ನು ಬದಲಿಸಿತ್ತು. 2011ರ ನವೆಂಬರಿನಲ್ಲಿ ಅದರ ಹಿಂದಿದ್ದವರ ಬಂಧನವಾಯಿತು. ಆದರೆ ಅವರ ಸರ್ವರುಗಳನ್ನು ಥಟ್ಟನೆ ಮುಚ್ಚಿದರೆ ಲಕ್ಷಾಂತರ ಅಮಾಯಕರ ಅಂತರಜಾಲವೇ ನಿಲ್ಲುತ್ತಿತ್ತು. ನ್ಯಾಯಾಲಯದ ಅನುಮತಿಯೊಂದಿಗೆ ಅದೇ ಸಂಖ್ಯೆಗಳಲ್ಲಿ ಪ್ರಾಮಾಣಿಕ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಬ್ರೆಜಿಲ್‌ನಲ್ಲಿ ದಾಳಿಕಾರರು ಕಂಪ್ಯೂಟರನ್ನು ಬಿಟ್ಟು ಮನೆಯ ಮೋಡೆಮ್‌ಗಳಿಗೇ ಕೈಹಾಕಿದರು. 2011ರ ಸುಮಾರಿಗೆ 45 ಲಕ್ಷ ಮೋಡೆಮ್‌ಗಳಲ್ಲಿ ಈ ಸಂಖ್ಯೆಗಳು ಬದಲಾಗಿದ್ದವೆಂದು ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು ವರದಿ ಮಾಡಿದರು. ಕಂಪ್ಯೂಟರಿನಲ್ಲಿ ಎಂಥ ವೈರಸ್ ನಿರೋಧಕ ಇದ್ದರೂ ಅದು ಮೋಡೆಮಿನೊಳಗೆ ಬರೆದುದನ್ನು ನೋಡುವುದಿಲ್ಲ. ರೂಟರಿನ ಗುಪ್ತಪದ ಇನ್ನೂ ‘ಅಡ್ಮಿನ್’ ಎಂದೇ ಇರುವವರು ಈ ಪುಟವನ್ನು ಮಡಿಸಿಟ್ಟು ಮೊದಲು ಅದನ್ನು ಬದಲಿಸಿ ಬನ್ನಿ.

ಪ್ರಿಂಟರ್ ಎಲ್ಲಿ?

ಎರಡನೆಯ ದೋಷ ಉಳಿದಿತ್ತು. ಆಗಲೇ ಹನ್ನೊಂದು ಗಂಟೆ.

ನೆಟ್‌ಬಯೋಸ್‌ನ ಕೂಗಾಟಕ್ಕೆ ಒಂದು ಸುಧಾರಿತ ರೂಪ 2002ರಲ್ಲಿ ಬಂತು. ಆ್ಯಪಲ್ ಕಂಪನಿಯ ಹಳೆಯ ‘ಆ್ಯಪಲ್‌ಟಾಕ್’ ಜಾಲದಲ್ಲಿ ಪ್ರಿಂಟರನ್ನು ಜೋಡಿಸಿದರೆ ಸಾಕು, ತಾನಾಗಿ ಪಟ್ಟಿಯಲ್ಲಿ ಕಾಣುತ್ತಿತ್ತು. ಐಪಿ ಜಾಲದಲ್ಲಿ ಆ ಸುಖ ಇರಲಿಲ್ಲ. ಅದನ್ನು ತರಲು ಸ್ಟುವರ್ಟ್ ಚೆಷೈರ್ ಮತ್ತು ಸಂಗಡಿಗರು ರೂಪಿಸಿದ್ದೇ ‘ಬಹುಪ್ರಸಾರ ಡಿಎನ್‌ಎಸ್’. ಪ್ರಶ್ನೆಯ ರೂಪ ಡಿಎನ್‌ಎಸ್‌ನದೇ. ಆದರೆ ಅದನ್ನು ಸರ್ವರಿಗೆ ಕಳಿಸುವ ಬದಲು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಕಳಿಸುತ್ತಾರೆ. ಕೋಣೆಯಲ್ಲಿರುವ ಎಲ್ಲ ಯಂತ್ರಗಳೂ ಕೇಳಿಸಿಕೊಳ್ಳುತ್ತವೆ, ಆ ಹೆಸರಿನದು ಉತ್ತರಿಸುತ್ತದೆ. ಇಂಥ ಹೆಸರುಗಳ ಕೊನೆಯಲ್ಲಿ ‘ಡಾಟ್ ಲೋಕಲ್’ ಇರುತ್ತದೆ. ಹತ್ತು ವರ್ಷ ಬಳಕೆಯಲ್ಲಿದ್ದ ಮೇಲೆ 2013ರಲ್ಲಿ ಇದು ಆರ್‌ಎಫ್‌ಸಿ 6762 ಆಗಿ ಪ್ರಕಟವಾಯಿತು. ಅಷ್ಟರಲ್ಲಿ ಎಷ್ಟೋ ಕಚೇರಿಗಳು ತಮ್ಮ ಸರ್ವರುಗಳಿಗೂ ‘ಲೋಕಲ್’ ಎಂದೇ ಹೆಸರಿಟ್ಟುಕೊಂಡು ಪರದಾಡುತ್ತಿದ್ದವು. ಮನೆಗಳಲ್ಲಿ ರೂಟರು ಕೊಡುವ ಹೆಸರುಗಳಿಗೆಂದೇ ‘ಹೋಮ್ ಡಾಟ್ ಅರ್ಪಾ’ ಎಂಬುದನ್ನು 2018ರಲ್ಲಿ ಮೀಸಲಿಟ್ಟರು. ಸಂಸ್ಥೆಗಳ ಒಳಬಳಕೆಗೆ ‘ಇಂಟರ್ನಲ್’ ಎಂಬುದು 2024ರಲ್ಲಿ ಮೀಸಲಾಯಿತು.

ಕೂಗಿನ ಧ್ವನಿ ಗೋಡೆಯಾಚೆ ಕೇಳಿಸದು. ಬಹುಪ್ರಸಾರದ ಪ್ರಶ್ನೆ ಕೂಡ ರೂಟರನ್ನು ದಾಟಿ ಆಚೆ ಹೋಗುವುದಿಲ್ಲ. ದಾಟಬಾರದೆಂದೇ ಹಾಗೆ ಮಾಡಿದ್ದಾರೆ. ಮೇಲಿನ ಮಹಡಿಗೆ ಇನ್ನೊಂದು ರೂಟರ್ ಹಾಕಿದಾಗ, ಅಥವಾ ಫೋನು ‘ಅತಿಥಿ’ ವೈಫೈನಲ್ಲಿದ್ದಾಗ ಕೆಳಗಿನ ಪ್ರಿಂಟರು ಮಾಯವಾಗಲು ಇದೇ ಕಾರಣ. ಹೊರಗಿನ ತಾಣಗಳೆಲ್ಲ ತೆರೆಯುತ್ತವೆ, ಹತ್ತು ಅಡಿ ದೂರದ ಪ್ರಿಂಟರು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಎರಡನೆಯ ರೂಟರ್ ಇರಲಿಲ್ಲ. ಪ್ರಿಂಟರಿನ ಪುಟ್ಟ ಪರದೆಯಲ್ಲಿ ಜಾಲದ ವಿವರ ತೆರೆದೆ. 192.168.1.50. ಲ್ಯಾಪ್‌ಟಾಪಿನದು 192.168.0.7. ವ್ಯತ್ಯಾಸ ಕಂಡಿತೇ? ಹಳೆಯ ರೂಟರು 192.168.1 ಎಂಬ ಸಾಲಿನಲ್ಲಿ ಸಂಖ್ಯೆ ಹಂಚುತ್ತಿತ್ತು. ಹೊಸದು 192.168.0 ಎಂಬ ಸಾಲಿನಲ್ಲಿ. ಎಂದೋ ಯಾರೋ ಪ್ರಿಂಟರಿಗೆ ಸಂಖ್ಯೆಯನ್ನು ಶಾಶ್ವತವಾಗಿ ಬರೆದುಬಿಟ್ಟಿದ್ದರು. ವೈಫೈ ಹೆಸರು, ಗುಪ್ತಪದ ಮೊದಲಿನವೇ ಆದ್ದರಿಂದ ಅದು ಹೊಸ ರೂಟರಿಗೆ ಸುಲಭವಾಗಿ ಸೇರಿಕೊಂಡಿತು. ‘ಸಂಪರ್ಕದಲ್ಲಿದೆ’ ಎಂದದ್ದು ಸುಳ್ಳಲ್ಲ. ಮನೆಯೊಳಗೇ ಇದೆ, ಆದರೆ ಬೇರೆ ಊರಿನ ವಿಳಾಸ ಇಟ್ಟುಕೊಂಡು ಕೂತಿದೆ! ಮೊದಲ ದೋಷದಲ್ಲೂ ಹೀಗೆಯೇ ಆಗಿತ್ತು. ತಾನಾಗಿ ಬರಬೇಕಾದ ಸಂಖ್ಯೆಯನ್ನು ಯಾರೋ ಕೈಯಾರೆ ಬರೆದಿದ್ದರು.

ಪ್ರಿಂಟರಿನಲ್ಲೂ ‘ತಾನಾಗಿ ಪಡೆ’ ಎಂದು ಬದಲಿಸಿದೆ. ಅದಕ್ಕೆ 192.168.0.12 ದೊರೆಯಿತು. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರಿಂಟರನ್ನು ತೆಗೆದುಹಾಕಿ ಹೊಸದಾಗಿ ಸೇರಿಸಿದಾಗ ಅದು ಸಂಖ್ಯೆಯ ಬದಲು ಹೆಸರಿನಿಂದಲೇ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಕೂಗಿದರು, ಓಗೊಟ್ಟಿತು. ಹಾಲ್ ಟಿಕೆಟ್ ಹೊರಬರುವಾಗ ಹನ್ನೊಂದೂ ಇಪ್ಪತ್ತು. ಭಾವಚಿತ್ರ ಸ್ವಲ್ಪ ಮಂಕಾಗಿತ್ತು, ಶಾಯಿ ಮುಗಿಯುತ್ತ ಬಂದಿತ್ತು. ಹುಡುಗ ಇನ್ನೊಂದು ಪ್ರತಿಯನ್ನೂ ತೆಗೆದುಕೊಂಡ.

ಮಾರನೆಯ ವಾರ ಆ ಕಡೆ ಹೋದಾಗ ನೋಡಿದೆ. ಮಾಲೀಕರು ಒಂದು ಚೀಟಿಯಲ್ಲಿ ಕಂಪನಿಯ ಹೆಸರು, ಜೋಡಿಸಿದ ತಾರೀಕು, ‘ಡಿಎನ್‌ಎಸ್: ಆಟೊ, ಯಾರೂ ಮುಟ್ಟಬ್ಯಾಡ್ರಿ’ ಎಂದು ಬರೆದು ರೂಟರಿನ ಬೆನ್ನಿಗೆ ಅಂಟಿಸಿದ್ದರು.